ಟಿಬೆಟ್‌ನಿಂದ ಮಗುವಾಗಿ ಬಂದೆ, ನರ್ಸ್ ಆಗಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಟಿಬೆಟ್‌ನಲ್ಲಿ ಹುಟ್ಟಿದವಳು. 2007ರಲ್ಲಿ, ಆರು ವರ್ಷದವಳಿದ್ದಾಗ, ನೇಪಾಳದ ಮೇಲೆ ಹಾದು ಭಾರತಕ್ಕೆ ಬಂದೆ. ಅಪ್ಪ ಅಮ್ಮ ಅಲ್ಲೇ ಉಳಿದರು. ಬೈಲುಕುಪ್ಪೆಯ ಹಾಸ್ಟೆಲ್‌ನಲ್ಲಿದ್ದು ಓದಿ ಸಿಬಿಎಸ್‌ಇ 12ನೇ ತರಗತಿಯನ್ನು ವಿಜ್ಞಾನ ತೆಗೆದುಕೊಂಡು ಒಟ್ಟು ಶೇ 52 ಅಂಕದಲ್ಲಿ ಪಾಸಾದೆ. ಎರಡು ವರ್ಷದಿಂದ ಹಾಸನದ ಒಂದು ನರ್ಸಿಂಗ್ ಹೋಮ್‌ನಲ್ಲಿ ಆಯಾ ಕೆಲಸ ಮಾಡುತ್ತಿದ್ದೇನೆ. ಕನ್ನಡ ಮಾತಾಡುತ್ತೇನೆ, ಓದುವುದು ನಿಧಾನ. ಆರ್‌ಸಿ (ವಿದೇಶಿಯರ ನೋಂದಣಿ ಪ್ರಮಾಣಪತ್ರ), ಆಧಾರ್ ಎರಡೂ ಇವೆ. ಆದರೆ ಆರ್‌ಸಿಯಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದೆ, 10ನೇ ತರಗತಿ ಸರ್ಟಿಫಿಕೇಟ್‌ನಲ್ಲಿ ಬೇರೆ ದಿನ ಇದೆ. ಬಿಎಸ್ಸಿ ನರ್ಸಿಂಗ್ ಮಾಡಲೋ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಲೋ? ಮುಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದೆಯೇ? ಓದಲು ಬ್ಯಾಂಕ್ ಸಾಲ ಕೊಡುತ್ತದೆಯೇ?
ಓದುಗರು, ಹಾಸನ

ಉತ್ತರ: ಕೇಳಿದ್ದಕ್ಕೆ ಮೊದಲು ನೇರವಾಗಿ ಹೇಳಿಬಿಡುತ್ತೇವೆ. ಬಿಎಸ್ಸಿ ನರ್ಸಿಂಗ್ ಮಾಡಿ. ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆ ಈಗಿರುವ ನೇಮಕಾತಿ ನಿಯಮದಲ್ಲಿ ನಿಮಗೆ ಸಿಗುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲವನ್ನು ನೆಚ್ಚಿಕೊಂಡು ಸೀಟು ಹಿಡಿಯಬೇಡಿ. ಖಾಸಗಿ ಆಸ್ಪತ್ರೆ, ಟ್ರಸ್ಟ್ ಆಸ್ಪತ್ರೆ, ಟಿಬೆಟಿಯನ್ ಶಿಬಿರಗಳ ಆಸ್ಪತ್ರೆ, ಹೊರದೇಶ ಇವೆಲ್ಲ ನಿಮಗೆ ತೆರೆದೇ ಇವೆ, ಅಲ್ಲೆಲ್ಲ ಒಳ್ಳೆಯ ನರ್ಸ್‌ಗೆ ಕೆಲಸಕ್ಕೆ ಬರವಿಲ್ಲ. ನಿಮ್ಮ ಅಂಕ ಸಾಲದು ಎಂಬ ಭಯ ಬೇಡ, ಬಿಎಸ್ಸಿಗೆ ಸಾಲದಿದ್ದರೂ ಜಿಎನ್‌ಎಂ ಇದೆ. ನಿಮ್ಮ ದಾರಿಯಲ್ಲಿರುವ ದೊಡ್ಡ ಕಲ್ಲು ನೀವೇ ಬರೆದಿರುವ ಆ ಹುಟ್ಟಿದ ದಿನದ ವ್ಯತ್ಯಾಸ. ಅದನ್ನು ಸೀಟಿಗೆ ಅರ್ಜಿ ಹಾಕುವ ಮುಂಚೆಯೇ ಎತ್ತಿ ಪಕ್ಕಕ್ಕಿಡಬೇಕು.

ಕಾರಣ ಹೀಗಿದೆ. ನಿಮ್ಮ ಹೆಸರು, ಹುಟ್ಟಿದ ದಿನ ಕಾಲೇಜಿನ ದಾಖಲಾತಿ ಪುಸ್ತಕದಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ, ಅಲ್ಲಿಂದ ಹಾಲ್ ಟಿಕೆಟ್‌ಗೆ, ಅಂಕಪಟ್ಟಿಗೆ, ಪದವಿ ಪ್ರಮಾಣಪತ್ರಕ್ಕೆ, ಕೊನೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಗೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರತಿಯೊಬ್ಬ ನರ್ಸ್‌ಗೆ ಕೊಡುವ ಎನ್‌ಯುಐಡಿ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಪದವಿಯಲ್ಲಿ ಒಂದು ದಿನ, ಆಧಾರ್‌ನಲ್ಲಿ ಇನ್ನೊಂದು ದಿನ ಇದ್ದರೆ ನಾಲ್ಕು ವರ್ಷ ಓದಿ ಪಾಸಾದ ಮೇಲೆ ನೋಂದಣಿ ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ. ನೋಂದಣಿ ಇಲ್ಲದೆ ಪದವಿ ಇದ್ದರೂ ನರ್ಸ್ ಎಂದು ಕೆಲಸ ಮಾಡುವಂತಿಲ್ಲ. ಗಡಿ ದಾಟಿ ಬಂದ ಮಕ್ಕಳಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ. ಬರೆದುಕೊಂಡವರು ವರ್ಷ ಕೇಳಿ ಜನವರಿ 1 ಎಂದು ಹಾಕಿರುತ್ತಾರೆ, ಶಾಲೆಗೆ ಸೇರಿಸಿದವರು ತಮಗೆ ತಿಳಿದ ದಿನ ಹೇಳಿರುತ್ತಾರೆ. ಯಾರ ತಪ್ಪೂ ಅಲ್ಲ, ಆದರೆ ಸರಿಮಾಡಿಸುವ ಹೊಣೆ ನಿಮ್ಮ ಮೇಲೆಯೇ ಬಂದಿದೆ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು? 10ನೇ ತರಗತಿ ಸರ್ಟಿಫಿಕೇಟ್ ಅನ್ನು ತಳಹದಿಯಾಗಿಟ್ಟುಕೊಳ್ಳಿ. ಬೋರ್ಡಿನ ದಾಖಲೆಯಲ್ಲಿ ಹುಟ್ಟಿದ ದಿನ ತಿದ್ದಿಸುವುದು ಬಹಳ ಕಷ್ಟದ ಕೆಲಸ. ಆದ್ದರಿಂದ ಮೊದಲು ಆರ್‌ಸಿ, ಆಮೇಲೆ ಆಧಾರ್. ಈ ಕ್ರಮ ತಿರುವುಮುರುವು ಆಗಬಾರದು, ಏಕೆಂದರೆ ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಿಸಲು ಒಂದೇ ಒಂದು ಅವಕಾಶ ಇರುತ್ತದೆ, ಹೆಸರಿಗೆ ಎರಡು. ಆರ್‌ಸಿ ಸರಿಯಾಗುವ ಮುಂಚೆ ಆಧಾರ್ ಕೇಂದ್ರಕ್ಕೆ ಓಡಿ ಆ ಒಂದು ಅವಕಾಶ ಕಳೆದುಕೊಂಡರೆ ಮುಂದಿನ ಓಡಾಟ ತಿಂಗಳುಗಟ್ಟಲೆ ಎಳೆಯುತ್ತದೆ.

ಆರ್‌ಸಿ ತಿದ್ದುಪಡಿಗೆ ಹೋಗುವಾಗ 10ನೇ ತರಗತಿ ಸರ್ಟಿಫಿಕೇಟ್, ಶಾಲೆಯ ವರ್ಗಾವಣೆ ಪತ್ರ, ಬೈಲುಕುಪ್ಪೆಯ ಟಿಬೆಟಿಯನ್ ಸೆಟಲ್‌ಮೆಂಟ್ ಆಫೀಸಿನ ಪತ್ರ, ಗ್ರೀನ್ ಬುಕ್ (ಕೇಂದ್ರೀಯ ಟಿಬೆಟಿಯನ್ ಆಡಳಿತಕ್ಕೆ ಕಟ್ಟುವ ವಾರ್ಷಿಕ ಕಂತಿನ ಪುಸ್ತಕ) ಮತ್ತು ಎರಡೂ ದಿನಾಂಕ ಒಬ್ಬರದೇ ಎಂದು ಹೇಳುವ ನೋಟರಿ ಅಫಿಡವಿಟ್ ಜೊತೆಗಿರಲಿ. ನೇಪಾಳದಿಂದ ಬರುವ ಟಿಬೆಟಿಯನ್ನರಿಗೆ 2003ರಿಂದ ಸ್ಪೆಷಲ್ ಎಂಟ್ರಿ ಪರ್ಮಿಟ್ ಕೊಡುವ ಪದ್ಧತಿ ಬಂತು. ನೀವು 2007ರಲ್ಲಿ ಬಂದದ್ದರಿಂದ ನಿಮ್ಮ ಆರ್‌ಸಿಗೆ ಆ ಪರ್ಮಿಟ್ಟೇ ಬುನಾದಿ ಆಗಿರಬೇಕು. ಅದರ ಪ್ರತಿ ಶಾಲೆಯ ಕಡತದಲ್ಲೋ ಸೆಟಲ್‌ಮೆಂಟ್ ಆಫೀಸಿನಲ್ಲೋ ಇದ್ದರೆ ಹುಡುಕಿಸಿ, ಒಂದು ನಕಲು ಜೋಪಾನವಾಗಿಟ್ಟುಕೊಳ್ಳಿ. ದಿನದ ಜೊತೆಗೆ ಹೆಸರಿನ ಇಂಗ್ಲಿಷ್ ಕಾಗುಣಿತವನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ. ತೆನ್ಜಿನ್ ಎಂಬ ಹೆಸರಿನ ಕೊನೆಗೆ ಒಂದು ದಾಖಲೆಯಲ್ಲಿ ‘ಜಿ’ ಅಕ್ಷರ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಬಹಳ ಸಾಮಾನ್ಯ. ಟಿಬೆಟಿಯನ್ ಹೆಸರಿನ ಎರಡು ಭಾಗಗಳಲ್ಲಿ ಮನೆತನದ ಹೆಸರು ಅಂತ ಇರುವುದಿಲ್ಲ, ಆದರೆ ಆನ್‌ಲೈನ್ ಅರ್ಜಿ ‘ಸರ್‌ನೇಮ್’ ಕೇಳುತ್ತದೆ. ಎರಡನೆಯ ಭಾಗವನ್ನು ಅಲ್ಲಿ ಹಾಕುತ್ತೀರೋ, ಪೂರ್ತಿ ಹೆಸರನ್ನು ಮೊದಲ ಖಾನೆಯಲ್ಲೇ ಬರೆಯುತ್ತೀರೋ, ಒಂದು ಸಲ ತೀರ್ಮಾನಿಸಿ. ಮುಂದೆ ಎಲ್ಲ ಕಡೆಯೂ ಹಾಗೇ ಬರೆಯಿರಿ.

ಇನ್ನೊಂದು ವಿಷಯವನ್ನು ಹಾಸನಕ್ಕೆ ಬಂದು ಕೆಲಸಕ್ಕೆ ಸೇರುವ ಬಹಳ ಜನ ಗಮನಿಸುವುದೇ ಇಲ್ಲ. ಬೈಲುಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕು, ಅಂದರೆ ಮೈಸೂರು ಜಿಲ್ಲೆ. ನೀವೀಗ ಇರುವುದು ಹಾಸನ ಜಿಲ್ಲೆ. ಇಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಹಾಸನದ ಎಸ್‌ಪಿ ಕಚೇರಿ. ವಿಳಾಸ ಬದಲಾದದ್ದನ್ನು ದಾಖಲಿಸದೆ ಎರಡು ವರ್ಷ ಇದ್ದಿದ್ದರೆ ಕಾಲೇಜು ಸೇರುವ ಮುಂಚೆ ಅದನ್ನೂ ಸರಿಮಾಡಿಕೊಳ್ಳಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯ್ದೆಗಳ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ತಮ್ಮಲ್ಲಿ ಓದುವ, ಉಳಿಯುವ ವಿದೇಶಿಯರ ಮಾಹಿತಿಯನ್ನು ನೋಂದಣಿ ಅಧಿಕಾರಿಗೆ ಕೊಡುವ ಹೊಣೆ ಕಾಲೇಜಿಗೂ ಹಾಸ್ಟೆಲ್‌ಗೂ ಇದೆ. ನಿಮ್ಮ ಆರ್‌ಸಿಯ ವಿಳಾಸ, ಅವಧಿ ಎರಡೂ ಸರಿ ಇದ್ದರೆ ಪ್ರಿನ್ಸಿಪಾಲರು ನಿಮ್ಮನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಓಡಾಟ ಶುರುಮಾಡಿ. ಮೂಲ ಆರ್‌ಸಿಯನ್ನು ಯಾವ ಕಾಲೇಜಿನಲ್ಲೂ ಬಿಟ್ಟುಬರಬೇಡಿ. ಅದು ಕೇಳಿದಾಗ ತೋರಿಸಲು ನಿಮ್ಮ ಕೈಯಲ್ಲೇ ಇರಬೇಕಾದ ಕಾಗದ. ಅವರಿಗೆ ನೋಡಲು ಮೂಲ, ಇಟ್ಟುಕೊಳ್ಳಲು ಜೆರಾಕ್ಸ್.

ಈಗ ಕೋರ್ಸ್. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ 45 ಬೇಕು, ಇಂಗ್ಲಿಷ್ ಪಾಸಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ನೀವು ಬರೆದಿರುವ ಶೇ 52 ಎಲ್ಲ ವಿಷಯಗಳ ಒಟ್ಟು. ಅರ್ಹತೆಗೆ ಆ ಲೆಕ್ಕ ನಡೆಯುವುದಿಲ್ಲ, ಮೂರು ವಿಷಯಗಳನ್ನು ಮಾತ್ರ ಬೇರೆ ಕೂಡಿ ನೋಡಿ. ಉದಾಹರಣೆಗೆ ಭೌತಶಾಸ್ತ್ರ 41, ರಸಾಯನಶಾಸ್ತ್ರ 46, ಜೀವಶಾಸ್ತ್ರ 55 ಇದ್ದರೆ 300ಕ್ಕೆ 142, ಅಂದರೆ ಶೇ 47.3, ಅರ್ಹತೆ ಇದೆ. 300ಕ್ಕೆ 135 ಮುಟ್ಟದಿದ್ದರೆ ಜಿಎನ್‌ಎಂ ನೋಡಿ. ಅದು ಮೂರು ವರ್ಷ, ಯಾವ ವಿಭಾಗದಲ್ಲಿ 12ನೇ ತರಗತಿ ಮಾಡಿದ್ದರೂ ಇಂಗ್ಲಿಷ್ ಜೊತೆ ಶೇ 40 ಸಾಕು, ವಯಸ್ಸು 17ರಿಂದ 35. ಜಿಎನ್‌ಎಂ ಮುಗಿಸಿ ನೋಂದಣಿ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಒಟ್ಟು ಐದು ವರ್ಷವಾಗುತ್ತದೆ. ಅರ್ಹತೆ ಇರುವಾಗ ನೇರ ಬಿಎಸ್ಸಿ ಹಿಡಿಯಿರಿ ಎನ್ನಲು ಇದೊಂದು ಕಾರಣ, ಹೊರದೇಶದಲ್ಲಿ ಪದವಿಗೆ ಇರುವ ಬೆಲೆ ಇನ್ನೊಂದು.

ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಕೋರ್ಸ್, ಬೇಡ ಎಂದೇ ಹೇಳುತ್ತೇವೆ. ಕೋರ್ಸ್ ಕೆಟ್ಟದ್ದಲ್ಲ, ಹಳ್ಳಿಯ ತಾಯಿ ಮಕ್ಕಳ ಜೀವ ಉಳಿಸಿದ ಕೋರ್ಸ್ ಅದು. ಆದರೆ ಅದರ ಕೆಲಸಗಳು ಬಹುತೇಕ ಸರ್ಕಾರಿ ಉಪಕೇಂದ್ರಗಳಲ್ಲಿವೆ, ಆ ಬಾಗಿಲು ನಿಮಗೆ ಮುಚ್ಚಿದೆ. ಆರು ತಿಂಗಳು, ಒಂದು ವರ್ಷದಲ್ಲಿ ‘ನರ್ಸಿಂಗ್’ ಸರ್ಟಿಫಿಕೇಟ್ ಕೊಡುತ್ತೇವೆ ಎನ್ನುವ ಸಂಸ್ಥೆಗಳತ್ತ ತಿರುಗಿಯೂ ನೋಡಬೇಡಿ. ಆ ಕಾಗದಕ್ಕೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಸಿಗುವುದಿಲ್ಲ. ನಾಲ್ಕು ವರ್ಷ ಸಾಧ್ಯವೇ ಇಲ್ಲ ಎನ್ನುವ ಪರಿಸ್ಥಿತಿ ಬಂದರೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳಿವೆ: ಲ್ಯಾಬ್, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಇತ್ಯಾದಿ. ವಿಜ್ಞಾನದ 12ನೇ ತರಗತಿ ಆದವರಿಗೆ ಅವು ಎರಡು ವರ್ಷ, ಖಾಸಗಿ ಆಸ್ಪತ್ರೆಗಳಲ್ಲಿ ಕೆಲಸವೂ ಇದೆ.

ಸೀಟಿನ ವಿಷಯ. ಸರ್ಕಾರಿ ಕೋಟಾದ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹೋಗುತ್ತವೆ. ಅಲ್ಲಿ ಭಾರತೀಯ ಪೌರತ್ವ ಮೊದಲ ಷರತ್ತು. ನೀವು ಏಳು ವರ್ಷಕ್ಕೂ ಮೇಲ್ಪಟ್ಟು ಕರ್ನಾಟಕದಲ್ಲಿ ಓದಿದ್ದರೂ ಆ ಷರತ್ತು ಹಾಗೇ ಉಳಿಯುತ್ತದೆ. ಹಾಗಾಗಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಸರ್ಕಾರಿ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ವರ್ಷ ಕಳೆಯಬೇಡಿ. ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟು ನಿಮಗೆ ನಡೆಯುವ ದಾರಿ. ಸೇರುವ ಮುಂಚೆ ಕಾಲೇಜಿಗೆ ಪತ್ರ ಬರೆದು ಕೇಳಿ: ‘ನಾನು ಆರ್‌ಸಿ ಹೊಂದಿರುವ ಟಿಬೆಟಿಯನ್. ನನ್ನ ಪ್ರವೇಶಕ್ಕೆ ವಿಶ್ವವಿದ್ಯಾಲಯ ಅನುಮೋದನೆ ಕೊಡುತ್ತದೆಯೇ? ಯಾವ ವರ್ಗದಲ್ಲಿ ಸೇರಿಸುತ್ತೀರಿ? ಪ್ರವೇಶ ಪರೀಕ್ಷೆ ಬರೆಯಬೇಕೇ?’ ಉತ್ತರವೂ ಬರಹದಲ್ಲೇ ಇರಲಿ. ‘ಅದೆಲ್ಲ ನಾವು ನೋಡ್ಕೊಳ್ತೀವಿ’ ಎಂಬ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ದಲ್ಲಾಳಿ ಹೇಳಿದರಂತೂ ಬೇಡವೇ ಬೇಡ. ಅನುಮೋದನೆ ಸಿಗದೆ ಮೊದಲ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಹಾಲ್ ಟಿಕೆಟ್ ಬರದೆ ನಿಂತವರು ಇದ್ದಾರೆ. ಸಿಬಿಎಸ್‌ಇಯಿಂದ ಬಂದವರು ಮೈಗ್ರೇಷನ್ ಸರ್ಟಿಫಿಕೇಟ್ ಕೊಡಬೇಕು, ಇಲ್ಲಿಯ ವಿಶ್ವವಿದ್ಯಾಲಯದ ಅರ್ಹತಾ ಪತ್ರದ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿಬಿಡಿ.

ಕಾಲೇಜು ಒಳ್ಳೆಯದೋ ಅಲ್ಲವೋ ತಿಳಿಯಲು ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, 100 ಹಾಸಿಗೆ ಇವೆಯೇ, ಅದರಲ್ಲಿ ರೋಗಿಗಳು ಇದ್ದಾರೆಯೇ? ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬುದು ನರ್ಸಿಂಗ್ ಕೌನ್ಸಿಲ್ ಹೇಳುವ ಪ್ರಮಾಣ. ಬೆಳಿಗ್ಗೆ ಹತ್ತು ಗಂಟೆಗೆ ವಾರ್ಡಿಗೆ ಹೋಗಿ ನಿಂತರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಖಾಲಿ ಹಾಸಿಗೆಗಳ ಪಕ್ಕ ವಿದ್ಯಾರ್ಥಿಗಳು ಗುಂಪಾಗಿ ನಿಂತಿದ್ದರೆ ಆ ಕಾಲೇಜು ಬಿಡಿ. ನೀವು ಎರಡು ವರ್ಷ ವಾರ್ಡಿನಲ್ಲಿ ಓಡಾಡಿದವರು, ಕೆಲಸ ನಡೆಯುತ್ತಿರುವ ವಾರ್ಡ್ ಯಾವುದು ಎಂದು ನಿಮ್ಮ ಕಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ.

ದುಡ್ಡು. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವಿದ್ಯಾರ್ಥಿ ಭಾರತೀಯ ಪ್ರಜೆಯಾಗಿರಬೇಕು ಎಂದಿದೆ. ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ ಅದನ್ನು ದಾಟಲಾರರು. ನಿಮಗಿರುವ ಮುಖ್ಯ ಆಸರೆ ಧರ್ಮಶಾಲಾದ ಕೇಂದ್ರೀಯ ಟಿಬೆಟಿಯನ್ ಆಡಳಿತದ ಶಿಕ್ಷಣ ಇಲಾಖೆಯ ವಿದ್ಯಾರ್ಥಿವೇತನ. ಗ್ರೀನ್ ಬುಕ್‌ನಲ್ಲಿ ವಾರ್ಷಿಕ ಕಂತು ಬಾಕಿ ಉಳಿದಿದ್ದರೆ ಮೊದಲು ತೀರಿಸಿ, ಅರ್ಜಿ ಅಲ್ಲೇ ಸಿಕ್ಕಿಕೊಳ್ಳಬಾರದು. ನೀವು ಓದಿದ ಶಾಲೆಯ ಆಡಳಿತಕ್ಕೂ ಬರೆಯಿರಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಕಾರ್ಡ್ ಮಾಡಿಸಿಕೊಂಡರೆ ವಿದ್ಯಾರ್ಥಿವೇತನ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ದೆಹಲಿಗೆ ಟಿಕೆಟ್ ಮಾಡಿಸಬೇಡಿ. ಭಾರತದಲ್ಲಿ ಟಿಬೆಟಿಯನ್ನರನ್ನೂ ಶ್ರೀಲಂಕಾದ ತಮಿಳರನ್ನೂ ನೇರ ಸರ್ಕಾರವೇ ನೋಡಿಕೊಳ್ಳುತ್ತದೆ, ಆ ಸಂಸ್ಥೆ ಅಲ್ಲ. ಶುಲ್ಕ ಕೇಳುವಾಗ ಮೊದಲ ವರ್ಷದ್ದನ್ನು ಮಾತ್ರ ಕೇಳಿ ಬರಬೇಡಿ. ಬೋಧನೆ, ಹಾಸ್ಟೆಲ್, ಊಟ, ಸಮವಸ್ತ್ರ, ಪರೀಕ್ಷೆ, ಹೊರಗಿನ ಆಸ್ಪತ್ರೆಗಳ ಪೋಸ್ಟಿಂಗ್ ಖರ್ಚು, ಬಸ್ಸು, ಇವೆಲ್ಲ ಸೇರಿ ನಾಲ್ಕು ವರ್ಷದ ಒಟ್ಟು ಮೊತ್ತವನ್ನು ಬರೆಸಿಕೊಳ್ಳಿ.

ಸೀಟಿನ ಓಡಾಟದ ಜೊತೆಗೇ ಶುರುವಾಗಬೇಕಾದ ಕೆಲಸ ನಿಮ್ಮ ಮೈಯದು. ಚಿಕ್ಕಂದಿನಲ್ಲಿ ಊರು ಬಿಟ್ಟವರಿಗೆ ಲಸಿಕೆ ಕಾರ್ಡ್ ಇರುವುದಿಲ್ಲ. ಕಾರ್ಡ್ ಇಲ್ಲದಿದ್ದರೆ ಹಾಕಿಲ್ಲ ಎಂದೇ ಲೆಕ್ಕ ಹಿಡಿದು ಮೊದಲಿಂದ ಹಾಕಿಸಿಕೊಳ್ಳಬೇಕು. ಮುಖ್ಯವಾದದ್ದು ಹೆಪಟೈಟಿಸ್ ಬಿ. ಟಿಬೆಟಿಯನ್ ಸಮುದಾಯದಲ್ಲಿ ಈ ಸೋಂಕು ಹೆಚ್ಚು, ತಾಯಿಯಿಂದ ಮಗುವಿಗೆ ಬಂದು ಯಾವ ಲಕ್ಷಣವೂ ಇಲ್ಲದೆ ದಶಕಗಟ್ಟಲೆ ಇರಬಲ್ಲದು. ಮೊದಲು ರಕ್ತದಲ್ಲಿ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದರೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯ ಡೋಸ್ ಆಗಿ ಒಂದೆರಡು ತಿಂಗಳಾದ ಮೇಲೆ ಪ್ರತಿಕಾಯದ ಮಟ್ಟ ನೋಡಿಸಿ, 10 ಅಥವಾ ಮೇಲಿದ್ದರೆ ರಕ್ಷಣೆ ಬಂದಿದೆ. ಕಡಿಮೆ ಇದ್ದರೆ ಇನ್ನೊಂದು ಸುತ್ತು ಮೂರು ಡೋಸ್. ಆರು ತಿಂಗಳು ಹಿಡಿಯುವ ಕೆಲಸವಾದ್ದರಿಂದ ಕಾಲೇಜು ಶುರುವಾಗುವವರೆಗೆ ಕಾಯಬೇಡಿ. ಈಗಲೇ ಸೂಜಿ, ರಕ್ತದ ನಡುವೆ ಇರುವವರು ನೀವು, ಇದು ಈ ವಾರವೇ ಆಗಲಿ. ಪಾಸಿಟಿವ್ ಬಂದರೂ ನರ್ಸಿಂಗ್ ಕನಸು ಮುಗಿಯಿತು ಎಂದುಕೊಳ್ಳಬೇಡಿ. ಯಕೃತ್ತಿನ ವೈದ್ಯರ ಬಳಿ ವೈರಸ್ ಪ್ರಮಾಣ ನೋಡಿಸಿಕೊಂಡು, ಬೇಕಿದ್ದರೆ ದಿನಕ್ಕೊಂದು ಮಾತ್ರೆ ತೆಗೆದುಕೊಂಡು, ಎಚ್ಚರದ ಕ್ರಮಗಳ ಜೊತೆ ಕೆಲಸ ಮಾಡಬಹುದು.

ಕ್ಷಯ ಎರಡನೆಯದು. ಹಾಸ್ಟೆಲ್, ಆಶ್ರಮಗಳಲ್ಲಿ ಒಟ್ಟಿಗೆ ಬೆಳೆದ ಟಿಬೆಟಿಯನ್ ಮಕ್ಕಳಲ್ಲಿ ಇದು ಹಳೆಯ ತೊಂದರೆ. ಎದೆಯ ಎಕ್ಸ್‌ರೇ ಮಾಡಿಸಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆಗೆ ಕೊಡಿ. ಕಾಯಿಲೆ ಇಲ್ಲದೆ ಸುಪ್ತ ಸೋಂಕು ಮಾತ್ರ ಇದೆ ಎಂದು ತಿಳಿದರೆ ವಾರಕ್ಕೊಮ್ಮೆಯಂತೆ 12 ವಾರ ಅಥವಾ ದಿನಕ್ಕೊಂದರಂತೆ ಆರು ತಿಂಗಳ ತಡೆಗಟ್ಟುವ ಚಿಕಿತ್ಸೆ ಇದೆ. ಉಳಿದಂತೆ ಎಂಎಂಆರ್ ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಸೀತಾಳೆ ಸಿಡುಬು ಆಗಿಲ್ಲದಿದ್ದರೆ ಅದರ ಲಸಿಕೆಯೂ ಎರಡು. ಧನುರ್ವಾಯು, ಗಂಟಲಮಾರಿಯ ಟಿಡಿ ಲಸಿಕೆ ಮೂರು, ಎರಡನೆಯದು ನಾಲ್ಕು ವಾರಕ್ಕೆ, ಮೂರನೆಯದು ಆರರಿಂದ 12 ತಿಂಗಳೊಳಗೆ. ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಬರೆಸಿ ಮೊಹರು ಹಾಕಿಸಿ, ಕಾಲೇಜಿನ ವೈದ್ಯಕೀಯ ಅರ್ಹತಾ ಪತ್ರಕ್ಕೂ ಅದು ಬೇಕಾಗುತ್ತದೆ.

ಈಗಿನ ಕೆಲಸದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಚುರುಕಾದ ಆಯಾ ಸಿಕ್ಕರೆ ನಿಧಾನವಾಗಿ ಇಂಜೆಕ್ಷನ್ ಕೊಡಿಸಲು, ಡ್ರಿಪ್ ಬದಲಿಸಲು ಹಚ್ಚುತ್ತಾರೆ. ಒಪ್ಪಬೇಡಿ. ನೋಂದಣಿ ಇಲ್ಲದ ಕೈಯಿಂದ ರೋಗಿಗೆ ತೊಂದರೆಯಾದರೆ ಹೆಸರು ನಿಮ್ಮದೇ ಬರುತ್ತದೆ, ವಿದೇಶಿಯರ ನೋಂದಣಿಯಲ್ಲಿರುವವರ ಮೇಲೆ ಒಂದು ಪೊಲೀಸ್ ದೂರು ಎಂದರೆ ಅದರ ಭಾರವೇ ಬೇರೆ. ಕೊಡದೆಯೂ ಕಲಿಯಬಹುದು. ಸಿಸ್ಟರ್ 500 ಮಿಲಿ ಬಾಟಲಿ ಹಾಕಿ ‘ನಾಲ್ಕು ಗಂಟೆಯಲ್ಲಿ ಮುಗೀಬೇಕು’ ಎಂದರೆ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು? ಸಾಮಾನ್ಯ ಸೆಟ್‌ನಲ್ಲಿ ಒಂದು ಮಿಲಿಗೆ 20 ಹನಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ, ನಾಲ್ಕು ಗಂಟೆ ಎಂದರೆ 240 ನಿಮಿಷ, ಭಾಗಿಸಿದರೆ ಸುಮಾರು 42. ಗಡಿಯಾರ ಹಿಡಿದು ಅವರು ಇಟ್ಟ ವೇಗ ಎಣಿಸಿ ನೋಡಿ, ರಟ್ಟೆ ಮಡಚಿದಾಗ ಎಷ್ಟಕ್ಕೆ ಇಳಿಯುತ್ತದೆ ಗಮನಿಸಿ. ಮಕ್ಕಳ ಮೈಕ್ರೋ ಸೆಟ್‌ನಲ್ಲಿ ಮಿಲಿಗೆ 60 ಹನಿ, ಲೆಕ್ಕ ಮತ್ತೆ ಮಾಡಿ. ಈ ಲೆಕ್ಕಗಳಲ್ಲಿ ಎಡವುವ ವಿದ್ಯಾರ್ಥಿಗಳು ಬಹಳ, ನೀವು ಕಾಲೇಜಿಗೆ ಹೋಗುವ ಮುಂಚೆಯೇ ಕೈವಶ ಮಾಡಿಕೊಳ್ಳಬಹುದು. ಮೊದಲ ವರ್ಷ ಬೀಳಿಸುವುದು ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಓದು ಬಿಟ್ಟು ಎರಡು ವರ್ಷವಾಗಿರುವುದರಿಂದ ಎನ್‌ಸಿಇಆರ್‌ಟಿ 11ನೇ ತರಗತಿ ಜೀವಶಾಸ್ತ್ರದ ಮಾನವ ಶರೀರಕ್ರಿಯೆಯ ಅಧ್ಯಾಯಗಳನ್ನು ಈಗಿನಿಂದ ಮತ್ತೆ ತಿರುವಿಹಾಕಿ.

ಹಾಜರಾತಿ ನಿಮ್ಮಂಥವರಿಗೆ ವಿಶೇಷವಾಗಿ ಕಾಡುವ ಸಂಗತಿ. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ 80 ಬೇಕು. ಪದವಿ ಕೈಗೆ ಬರಬೇಕಾದರೆ ಪ್ರತಿ ವಿಭಾಗದ ವಾರ್ಡ್ ಪೋಸ್ಟಿಂಗ್ ಶೇ 100 ಮುಗಿದಿರಬೇಕು. ಆರ್‌ಸಿ ನವೀಕರಣ, ಸೆಟಲ್‌ಮೆಂಟ್ ಆಫೀಸ್ ಎಂದು ಓಡಾಡಿದ ದಿನಗಳನ್ನು ಆಮೇಲೆ ಒಂದೊಂದಾಗಿ ತುಂಬಿಕೊಡಬೇಕಾಗುತ್ತದೆ. ಕಚೇರಿ ಕೆಲಸಗಳನ್ನು ಸೆಮಿಸ್ಟರ್ ರಜೆಗೆ ಹೊಂದಿಸಿಕೊಳ್ಳಿ.

ಕನ್ನಡದ ವಿಷಯದಲ್ಲಿ ನಿಮಗೆ ಅಳುಕು ಬೇಡ, ಆದರೆ ಸಡಿಲವೂ ಬೇಡ. ಪಾಠ, ಪರೀಕ್ಷೆ, ಕೇಸ್ ಶೀಟ್ ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ರೋಗಿಯ ನೋವು ಕನ್ನಡದಲ್ಲಿ ಬರುತ್ತದೆ. ಆಲೂರು, ಅರಕಲಗೂಡು ಕಡೆಯ ಅಜ್ಜಿ ‘ಎದೆ ಹಿಡ್ಕಂಡೈತೆ’ ಎಂದಾಗ ಅದು ಹೃದಯದ್ದೋ, ಉಬ್ಬಸವೋ, ಗ್ಯಾಸೋ ಎಂದು ಬಿಡಿಸಿ ಕೇಳಬೇಕು: ಎಲ್ಲಿಂದ ಶುರುವಾಯ್ತು, ಕೈಗೆ ಎಳೆಯುತ್ತಾ, ಬೆವರು ಬಂತಾ, ಮಲಗಿದರೆ ಉಸಿರು ಕಟ್ಟುತ್ತಾ? ಜುಮುಗುಡುವುದು, ಸೆಳೆತ, ಹೊಟ್ಟೆ ಮುರಿತ, ಉರಿಮೂತ್ರ, ಮುಟ್ಟು ನಿಂತಿದ್ದು, ಇಂಥ ಮಾತುಗಳನ್ನು ಕೇಳಿದಾಗಲೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಓದುವ ವೇಗವೂ ಹಾಗೇ ಹೆಚ್ಚುತ್ತದೆ. ಒಪ್ಪಿಗೆ ಪತ್ರವನ್ನು ರೋಗಿಯ ಕಡೆಯವರಿಗೆ ಓದಿ ಹೇಳುವಷ್ಟು ಬರಲೇಬೇಕು. ‘ಅಜ್ಜಿ’, ‘ಅಣ್ಣ’, ‘ಯಜಮಾನ್ರೇ’ ಎಂದು ಕರೆದು ಮಾತು ಶುರುಮಾಡಿದರೆ ಅರ್ಧ ಕೆಲಸ ಮುಗಿದಂತೆ. ‘ನೇಪಾಳದವ್ರಾ?’ ಎಂದು ಕೇಳಿದರೆ ಬೈಲುಕುಪ್ಪೆಯವಳು ಎನ್ನಿ, ಹಾಸನದಲ್ಲಿ ಆ ಊರು ಗೊತ್ತಿಲ್ಲದವರು ಕಡಿಮೆ. ಇನ್ನು ನಿಮಗೆ ಹಿಂದಿ ಬರುತ್ತಿದ್ದರೆ ಅದೂ ಒಂದು ಬಲ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯ ಕಾರ್ಮಿಕರು ತುಂಬಿದ್ದಾರೆ. ಹೆರಿಗೆಗೋ ಜ್ವರಕ್ಕೋ ಬಂದ ಅವರ ಮನೆಯ ಹೆಂಗಸಿನ ಮಾತು ವಾರ್ಡಿನಲ್ಲಿ ಎಷ್ಟೋ ಸಲ ಯಾರಿಗೂ ಅರ್ಥವಾಗುವುದಿಲ್ಲ. ಎರಡೂ ಕಡೆ ಮಾತಾಡಬಲ್ಲ ನರ್ಸ್ ಈ ಭಾಗದ ಆಸ್ಪತ್ರೆಗಳಿಗೆ ನಿಜವಾಗಿಯೂ ಬೇಕು. ಸಂದರ್ಶನದಲ್ಲಿ ಇದನ್ನು ನೀವೇ ಬಾಯಿಬಿಟ್ಟು ಹೇಳಿ.

ಅಪ್ಪ ಅಮ್ಮನಿಂದ ಬೇರಾಗಿ ಬೆಳೆದವರಿಗೆ ಮಕ್ಕಳ ವಾರ್ಡಿನ ಪೋಸ್ಟಿಂಗ್ ಕೆಲವೊಮ್ಮೆ ಒಳಗಿನದನ್ನೆಲ್ಲ ಮೇಲೆ ತರುತ್ತದೆ. ನಿದ್ದೆ ಕೆಡುವುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು ಎರಡು ವಾರ ಮೀರಿದರೆ ಸುಮ್ಮನಿರಬೇಡಿ. ಕಾಲೇಜಿನ ಮಾನಸಿಕ ಆರೋಗ್ಯ ವಿಭಾಗದ ಶಿಕ್ಷಕಿಯ ಹತ್ತಿರ ಮಾತಾಡಿ, ಅಥವಾ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಈ ಕೆಲಸದಲ್ಲಿ ಇರುವವರಿಗೆ ಇಂಥ ನೆರವು ಪಡೆಯುವುದು ಕೈತೊಳೆದಷ್ಟೇ ಸಹಜವಾಗಬೇಕು.

ಸರ್ಕಾರಿ ಕೆಲಸ ಯಾಕಿಲ್ಲ ಎಂಬುದನ್ನು ಬಿಡಿಸಿ ಹೇಳದಿದ್ದರೆ ಯಾರೋ ಮತ್ತೆ ಆಸೆ ಹುಟ್ಟಿಸಿ ದುಡ್ಡು ಕೇಳುತ್ತಾರೆ. ನೇಮಕಾತಿ ನಿಯಮದಲ್ಲಿ ಭಾರತೀಯ ಪ್ರಜೆಗಳ ಜೊತೆಗೆ ‘1962ರ ಜನವರಿ 1ಕ್ಕೆ ಮೊದಲು ಖಾಯಂ ನೆಲೆಸಲು ಬಂದ ಟಿಬೆಟಿಯನ್ ನಿರಾಶ್ರಿತರು’ ಎಂಬ ಮಾತಿದೆ. ನೀವು ಬಂದದ್ದು 2007. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು, ಬೈಲುಕುಪ್ಪೆಯ ನಿಮ್ಮ ಹಿರಿಯ ಗೆಳತಿಯರಲ್ಲಿ ಕೆಲವರಿಗೆ ಪಾಸ್‌ಪೋರ್ಟ್ ಸಿಕ್ಕಿರುವುದು ಹಾಗೆ. ನಿಮಗೆ ಅದು ಅನ್ವಯಿಸುವುದಿಲ್ಲ. ಕೇಂದ್ರದ 2014ರ ಟಿಬೆಟಿಯನ್ ಪುನರ್ವಸತಿ ನೀತಿಯಾದರೋ ಅರ್ಹತೆ ಇರುವ ಟಿಬೆಟಿಯನ್ನರು ಖಾಸಗಿ ವಲಯದಲ್ಲಿ ಕೆಲಸ ಮಾಡಬಹುದು ಎಂದು ಹೇಳಿದೆ, ಅದರಲ್ಲಿ ನರ್ಸಿಂಗ್‌ನ ಹೆಸರೂ ಇದೆ. ಖಾಸಗಿ ಆಸ್ಪತ್ರೆಯ ಎಚ್‌ಆರ್ ವಿಭಾಗ ಅನುಮಾನ ಪಟ್ಟರೆ ಈ ನೀತಿಯ ಪ್ರತಿಯನ್ನು ಮುಂದಿಡಿ. ಇದೇ ಪ್ರಶ್ನೆ ಇರುವ ಶ್ರೀಲಂಕಾ ಮೂಲದ ಓದುಗರು ಗಮನಿಸಬೇಕಾದ್ದು: 1964ರ ಶಾಸ್ತ್ರಿ ಸಿರಿಮಾವೊ ಒಪ್ಪಂದದಡಿ ಬಂದ ಕುಟುಂಬಗಳು ಭಾರತೀಯ ಪೌರರು, ಅವರಿಗೆ ಸರ್ಕಾರಿ ಸೀಟು, ಕೆಲಸ ಎರಡೂ ಉಂಟು. 1983ರ ನಂತರ ನಿರಾಶ್ರಿತರಾಗಿ ಬಂದವರ ಸ್ಥಿತಿ ಬೇರೆ.

ಪಾಸಾದ ತಕ್ಷಣ ಮಾಡಬೇಕಾದದ್ದು ನರ್ಸಿಂಗ್ ಕೌನ್ಸಿಲ್ ನೋಂದಣಿ. ಕೆಲಸ ಸಿಕ್ಕ ಮೇಲೆ ನೋಡೋಣ ಎಂದು ಬಿಡಬೇಡಿ. ಮುಂದೆ ಧರ್ಮಶಾಲಾದಂಥ ಬೇರೆ ರಾಜ್ಯದ ಆಸ್ಪತ್ರೆಗೆ ಹೋದರೆ ಅಲ್ಲಿಯ ಕೌನ್ಸಿಲ್‌ಗೆ ನೋಂದಣಿ ವರ್ಗಾಯಿಸಿಕೊಳ್ಳಬೇಕು. ಹೊರದೇಶದ ಯೋಚನೆ ಇದ್ದರೆ ಇಂಗ್ಲೆಂಡ್‌ಗೆ ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 7, ಬರವಣಿಗೆಯಲ್ಲಿ 6.5, ಅಥವಾ ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆ ಒಇಟಿ; ಜರ್ಮನಿಗೆ ಜರ್ಮನ್ ಭಾಷೆ ಬಿ2 ಮಟ್ಟ; ಅಮೆರಿಕಕ್ಕೆ ನರ್ಸ್‌ಗಳ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್. ಪಾಸ್‌ಪೋರ್ಟ್ ಬದಲಿಗೆ ನಿಮ್ಮ ಪ್ರಯಾಣದ ಕಾಗದ ಐಸಿ (ಗುರುತಿನ ಪ್ರಮಾಣಪತ್ರ), ಎಲ್ಲರೂ ಹಳದಿ ಪುಸ್ತಕ ಎನ್ನುವುದು. ಐಸಿಗೆ ಅರ್ಜಿ ದೆಹಲಿಯ ಮೂಲಕ ಹೋಗುವುದರಿಂದ ಕೊನೆಯ ಸೆಮಿಸ್ಟರ್‌ನಲ್ಲೇ ಹಾಕಿ. ಹೊರಡುವ ಮುಂಚೆ ಭಾರತಕ್ಕೆ ಮರಳಲು ಅಭ್ಯಂತರವಿಲ್ಲ ಎಂಬ ನೋರಿ ಮುದ್ರೆ ಮತ್ತು ನಿರ್ಗಮನ ಅನುಮತಿ ಎರಡೂ ಇವೆಯೇ, ಅವುಗಳ ಅವಧಿ ನಿಮ್ಮ ಕೆಲಸದ ಕರಾರಿಗೆ ಸಾಕೇ ಎಂದು ತಾರೀಖು ಹಿಡಿದು ನೋಡಿ. ನೋರಿ ಇಲ್ಲದೆ ವಿಮಾನ ಹತ್ತಿದವರಿಗೆ ವಾಪಸ್ ಬರುವಾಗ ದೊಡ್ಡ ತೊಡಕಾಗುತ್ತದೆ.